ಸಾಲಿಂ ಹೇಳಿದ ‘ಖಲಾಸ್’

“ಖಲಾಸ್!” ಎಂದು ಹೇಳಿ ಸಾಲಿಂ ಫೋನ್ ಇಟ್ಟುಬಿಟ್ಟರು. ಒಮಾನಿನ ಸುವೈಕ್ ಪಟ್ಟಣದ ಕ್ಲಿನಿಕ್‌ನಲ್ಲಿ ನಿಂತಿದ್ದ ನಾನು ಫೋನನ್ನೇ ನೋಡಿದೆ. ನಮ್ಮ ಮಂಗಳೂರಿನಲ್ಲಿ ಖಲಾಸ್ ಎಂದರೆ ಎಲ್ಲ ಹೋಯಿತು ಎಂದೇ ಅರ್ಥ.

ಕಂಪ್ಯೂಟರ್ ನಿರ್ವಹಣೆಯ ಕೆಲಸಕ್ಕೆಂದು ನಾನು ಒಮಾನಿಗೆ ಬಂದು ಅಂದಿಗೆ ಹದಿನೇಳನೇ ದಿನ. ಕ್ಲಿನಿಕ್‌ನ ರೋಗಿಗಳ ದಾಖಲೆಗಳಿದ್ದ ವರ್ಚುವಲ್ ಮಷಿನ್, ಅಂದರೆ ಸಾಫ್ಟ್‌ವೇರ್‌ನಲ್ಲೇ ನಡೆಯುವ ಕಂಪ್ಯೂಟರ್, ಕ್ಲಿನಿಕ್ ನಡೆಸುವ ನಮ್ಮ ಕಂಪನಿಯ ಸ್ವಂತ ಕ್ಲೌಡ್‌ನಲ್ಲಿತ್ತು. ಅದರ ಡಿಸ್ಕ್ ಎಂದರೆ ಎರಡು ಫೈಲುಗಳು: ಹಳೆಯ ಮೂಲ ಒಂದು, ನಂತರದ ಬದಲಾವಣೆಗಳದ್ದು ಇನ್ನೊಂದು. ಹಿಂದಿನ ದಿನ ನಾನು ಅಚ್ಚುಕಟ್ಟಾಗಿರಲೆಂದು ಹಳೆಯ ಫೈಲುಗಳನ್ನೆಲ್ಲ ತಾರೀಕಿನ ಪ್ರಕಾರ ಬೇರೆ ಫೋಲ್ಡರ್‌ಗೆ ಸಾಗಿಸಿದ್ದೆ. ಬೆಳಿಗ್ಗೆ ಮಷಿನ್ ಏಳಲೇ ಇಲ್ಲ. ಆರು ಸಲ ಪ್ರಯತ್ನಿಸಿ ಸೋತ ಮೇಲೆ ಮಸ್ಕತ್‌ನಲ್ಲಿದ್ದ ಹಿರಿಯ ಇಂಜಿನಿಯರ್ ಸಾಲಿಂ ಅವರಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. “ಹೊಸ ಫೈಲು ಹಳೆಯದನ್ನು ಹಿಂದಿನ ಜಾಗದಲ್ಲೇ ಹುಡುಕುತ್ತಿದೆ. ಹೊಸ ವಿಳಾಸ ಕೊಟ್ಟು ನೋಡೋಣ” ಎಂದಿದ್ದರು. ಹದಿನೆಂಟು ನಿಮಿಷದ ಬಳಿಕ ಬಂದದ್ದು ಆ ಒಂದೇ ಪದ.

“ಎಲ್ಲ ದಾಖಲೆ ಹೋಯ್ತು, ಲವೀನಾಕ್ಕ. ಸಾಲಿಂ ಖಲಾಸ್ ಅಂದ್ರು” ಎಂದೆ, ರಿಸೆಪ್ಷನ್‌ನಲ್ಲಿದ್ದ ಉಡುಪಿಯ ಹಿರಿಯ ಸಹೋದ್ಯೋಗಿಗೆ.

ಅವರು ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿದರು. “ಎಂತ ಮಾರಾಯ, ಸತ್ತವರ ಮನೆಯ ಮುಖ ಮಾಡಿದ್ದೀ! ಇಲ್ಲಿ ಖಲಾಸ್ ಅಂದ್ರೆ ಕೆಲಸ ಆಯ್ತು ಅಂತ. ನೋಡು, ಪೇಶೆಂಟ್‌ಗಳ ಹೆಸರೆಲ್ಲ ಬರ್ತಾ ಉಂಟು.”

ಒಂದೊಂದೇ ಹೆಸರು ಮೇಲೇರುವುದನ್ನು ನೋಡುತ್ತ ಕುರ್ಚಿ ಎಳೆದು ಕುಳಿತೆ.

ಸಂಜೆ ಊರಿಗೆ ಫೋನ್ ಮಾಡಿ, “ಅಮ್ಮಾ, ಇವತ್ತು ಕೆಲಸ ಖಲಾಸ್” ಎಂದೆ ಹಗುರಾಗಿ. ಆ ಕಡೆಯಿಂದ ಅಮ್ಮ ಕೂಗಿಕೊಂಡರು: “ಅಯ್ಯೋ ದೇವರೇ, ಇಷ್ಟು ಬೇಗ ಕೆಲಸದಿಂದ ತೆಗೆದ್ರಾ ಮಗಾ?”