ಹೊಸಬರಿಗೆ ಚೆಂಡು ಎಸೆದವರು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಬೈಲಹೊಂಗಲದ ನಮ್ಮ ಕ್ರಿಕೆಟ್ ಕ್ಲಬ್ಬಿನಲ್ಲಿ ಪ್ರತಿ ರವಿವಾರ ಹೊಸ ಮಕ್ಕಳಿಗೆ ಬ್ಯಾಟ್ ಹಿಡಿಯುವುದನ್ನು ಕಲಿಸುತ್ತಿದ್ದೆ. ಅವರಲ್ಲಿ ಸಂಪಗಾಂವದಿಂದ ಬರುತ್ತಿದ್ದ ಒಂಬತ್ತು ವರ್ಷದ ಹುಡುಗಿಯೊಬ್ಬಳು ಟೆನಿಸ್ ಬಾಲನ್ನು ಚೆನ್ನಾಗಿ ಹೊಡೆಯುತ್ತಿದ್ದಳು. ಲೆದರ್ ಬಾಲ್ ತಂದ ದಿನದಿಂದ ಮಾತ್ರ ಚೆಂಡು ಬರುವಾಗ ಕಣ್ಣು ಮುಚ್ಚತೊಡಗಿದಳು. ಮೂರು ವಾರ ತಿಳಿಸಿ ಹೇಳಿ, ಕೊನೆಗೆ ಗದರಿಸಿದೆ. ಅವಳು ಬ್ಯಾಟ್ ಕೆಳಗಿಟ್ಟು ಅತ್ತಳು.

ಬೇಲಿಯ ಹತ್ತಿರ ಕುಳಿತಿದ್ದ ಅವಳ ತಾಯಿ ಎದ್ದು ಬಂದು, "ಸರ, ಚೆಂಡು ನಾ ಒಗೀಲೇನ್ರಿ?" ಎಂದರು. ನನಗೆ ಸಿಟ್ಟು ಬಂತು, ಆದರೂ ಚೆಂಡು ಕೊಟ್ಟೆ. ಅವರು ಸೆರಗು ಸಿಕ್ಕಿಸಿಕೊಂಡು, ನಾಲ್ಕೇ ಹೆಜ್ಜೆ ದೂರದಿಂದ ಮೆಲ್ಲಗೆ ಎಸೆದರು. ಪ್ರತಿ ಸಲವೂ "ಬಂತು ನೋಡವಾ, ಬಂತು" ಎನ್ನುತ್ತಿದ್ದರು. ಹತ್ತನೆಯದೋ ಹನ್ನೊಂದನೆಯದೋ ಚೆಂಡನ್ನು ಹುಡುಗಿ ಕಣ್ಣು ಬಿಟ್ಟು ಹೊಡೆದಳು. ತಾಯಿ ಒಂದು ಹೆಜ್ಜೆ ಹಿಂದೆ ಸರಿದು ಮತ್ತೆ ಎಸೆದರು.

ಮುಂದಿನ ರವಿವಾರ ಉಳಿದ ಮಕ್ಕಳೂ ಅವರ ಮುಂದೆ ಸಾಲಾಗಿ ನಿಂತರು. "ನಮಗೂ ಅಕ್ಕಾರ ಒಗೀಲ್ರಿ ಸರ" ಎಂದರು. ಎರಡು ವರ್ಷ ಹೊಸಬರಿಗೆಲ್ಲ ಅವರೇ ಚೆಂಡು ಎಸೆದರು. ನಾನು ದೊಡ್ಡ ಮಕ್ಕಳ ಕಡೆಗೆ ಹೋದೆ. ಅಲ್ಲಿ ಗದರಿಸಿದರೂ ಯಾರೂ ಅಳುತ್ತಿರಲಿಲ್ಲ.