ಮೆಟ್ಟಿಲ ಕೆಳಗೆ ನೋಡಿದ್ದಕ್ಕೆ ಕ್ಷಮಾಪತ್ರ

ಮಾನ್ಯ ವಾಚಕರಲ್ಲಿ ಅರಿಕೆ. ನಾನು ಈ ಮೊದಲು ಟಪಾಲು, ಜ್ಞಾಪನ, ವರದಿಗಳನ್ನು ಬಿಟ್ಟರೆ ಬೇರೇನನ್ನೂ ಬರೆದವನಲ್ಲ. ಪ್ರಬಂಧವನ್ನು ಎಲ್ಲಿಂದ ಆರಂಭಿಸಬೇಕೆಂಬುದು ತಿಳಿಯದ ಕಾರಣ, ಕಚೇರಿಯಲ್ಲಿ ಕಲಿತ ಪ್ರಕಾರ, ಬರೆಯಲು ಒದಗಿದ ಸಂದರ್ಭದಿಂದಲೇ ಆರಂಭಿಸುತ್ತೇನೆ. ಲೋಪವಿದ್ದಲ್ಲಿ ಮನ್ನಿಸಬೇಕು.

ಸಂದರ್ಭವು ಹೀಗಿದೆ. ನಾನು ಈಗ ಅಂಬಿಕಾನಗರದಲ್ಲಿ ಮಗಳ ಕ್ವಾರ್ಟರ್ಸಿನಲ್ಲಿ ಇದ್ದೇನೆ. ಕಳೆದ ಗುರುವಾರ ಪಕ್ಕದ ಮನೆಯ ಶಿಕ್ಷಕಿ ಶಕುಂತಲಾಬಾಯಿಯವರು ಬಾಗಿಲಿಗೆ ಬಂದು, ಕಾಲೋನಿಯ ಹೆಣ್ಣುಮಕ್ಕಳು ಬಸ್ಸು ಮಾಡಿಕೊಂಡು ಮುಂಬಯಿಗೆ ಹೊರಟಿರುವುದಾಗಿ ತಿಳಿಸಿದರು. "ಅಜ್ಜಾರ, ನೀವು ಮುಂಬಯಿ ಕಂಡವರು. ಹಗಲಿನ್ಯಾಗ ಏನೇನು ನೋಡಬೇಕು, ಒಂದು ಪಟ್ಟಿ ಬರದು ಕೊಡ್ರಿ. ರಾತ್ರಿ ಹೆಂಗೂ ಬಸ್ಸಿನ್ಯಾಗ ಇರ್ತೇವಿ" ಎಂದರು. ಪಟ್ಟಿ ಎಂಬ ಶಬ್ದ ಕಿವಿಗೆ ಬಿದ್ದೊಡನೆ ನಿವೃತ್ತ ಕಾರಕೂನನಿಗೆ ಹುರುಪು ಬರುತ್ತದೆ. ನನ್ನಲ್ಲಿ ಹಳೆಯದೊಂದು ತಯಾರಾಗಿಯೇ ಇದೆ ಎಂದು ಹೇಳಿ ಟ್ರಂಕು ತೆರೆದೆ.

ಡಾಂಬರಗುಳಿಗೆಯ ವಾಸನೆಯ ನಡುವೆ ಲಕೋಟೆ ಸಿಕ್ಕಿತು. ಅದರ ಬೆನ್ನ ಮೇಲೆ ಪಟ್ಟಿಯೂ ಇತ್ತು. ಆದರೆ ಅದಕ್ಕೆ ತುಕ್ಕು ಹಿಡಿದ ಗುಂಡುಪಿನ್ನಿನಿಂದ ಇನ್ನೊಂದು ಕಾಗದವನ್ನು ಲಗತ್ತಿಸಲಾಗಿತ್ತು. ನನ್ನದೇ ಅಕ್ಷರ. ನಿಂತಲ್ಲಿಯೇ ಓದಿದೆ. ಕಿವಿ ಬಿಸಿಯಾದವು. ಇಷ್ಟು ವರ್ಷಗಳ ಮೇಲೂ ಆ ಸಿಟ್ಟು ಹಾಗೆಯೇ ಇತ್ತೆಂಬುದನ್ನು ಮತ್ತು ಅದನ್ನು ಈವರೆಗೆ ತಪ್ಪು ವಿಳಾಸಕ್ಕೆ ಕಳಿಸುತ್ತಿದ್ದೆನೆಂಬುದನ್ನು ಈ ಮೂಲಕ ನಿವೇದಿಸಿಕೊಳ್ಳುತ್ತೇನೆ.

ಎರಡನೆಯ ಮಹಾಯುದ್ಧ ನಡೆದಿದ್ದ ಆ ವರ್ಷಗಳಲ್ಲಿ, ನಮ್ಮ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ, ನಾನು ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಎಲ್ಲರಿಗಿಂತ ಕಿರಿಯ ಕಾರಕೂನ. ಹಳಿಯಾಳದ ದಸ್ತಗೀರಸಾಬರು, ಅಂದರೆ ನಮ್ಮೆಲ್ಲರ ದಸ್ತಗೀರ ಕಾಕಾ, ಶಿಕ್ಕಾ ಎಂಬ ಮುದ್ರೆ ಹೊಡೆಯುವವರು. ಕಡಿದ ಸಾಗವಾನಿ ದಿಮ್ಮಿಯ ತುದಿಗೆ ಸರಕಾರಿ ಗುರುತಿನ ಸುತ್ತಿಗೆಯಿಂದ ಒಂದು ಪೆಟ್ಟು ಬೀಳಬೇಕು. ಆ ಗುರುತಿಲ್ಲದ ದಿಮ್ಮಿ ಅಡವಿ ಬಿಟ್ಟು ಹೋಗುವಂತಿಲ್ಲ. ಕಾಕಾ ಇಪ್ಪತ್ತೈದು ವರ್ಷ ಆ ಪೆಟ್ಟು ಹಾಕಿದವರು. ಯಾವತ್ತೂ ಒಂದೇ ಪೆಟ್ಟು. "ಎರಡನೇ ಏಟು ಹೊಡದ್ರ ಮರಕ್ಕ ಸಂಶಯ ಬರ್ತೈತ್ರಿ, ರಾಯರ" ಎನ್ನುತ್ತಿದ್ದರು.

ಅವರಿಗೆ ಒಂದು ನಂಬಿಕೆ ಇತ್ತು. ದಿಮ್ಮಿಯು ಬಾಗಿಲಾಗಲಿ, ತೊಲೆಯಾಗಲಿ, ಶಿಕ್ಕಾ ಅದರಲ್ಲಿ ಎಲ್ಲೋ ಒಂದು ಕಡೆ ಉಳಿದೇ ಇರುತ್ತದೆ; ಬಡಿಗನು ಅದನ್ನು ಕೆಳಗಿನ ಮೈಗೆ ಮಾಡಿ ಕೂಡಿಸುತ್ತಾನೆ. "ಸರಕಾರದ ಶಿಕ್ಕಾ ಯಾರು ಕೆತ್ತತಾರ್ರಿ? ಜೈಲ ಆಗತೈತಿ." ಹಳಿಯಾಳದಲ್ಲಿ ಯಾರ ಮನೆಗೆ ಹೋದರೂ ಕಾಕಾ ಕುಳಿತುಕೊಳ್ಳುವ ಮೊದಲು ಬಗ್ಗಿ ಬೆಂಚಿನ ಕೆಳಗೆ ನೋಡುತ್ತಿದ್ದರು. ಗುರುತು ಸಿಗದಿದ್ದರೆ ಸಮಾಧಾನದಿಂದ, "ಇದು ಇಲ್ಲೀ ಮಾಲು. ಚಲೋ ಮಾಲೆಲ್ಲ ಮುಂಬಯಿಗಿ ಹೋಗೇತಿ" ಎನ್ನುತ್ತಿದ್ದರು. ಕೊಯ್ಯುವ ಕಾರಖಾನೆಯಲ್ಲಿ ದಿಮ್ಮಿಯ ಎರಡೂ ತುದಿಗಳನ್ನು ಮೊದಲಿಗೇ ಕತ್ತರಿಸಿ ಎಸೆಯುತ್ತಾರೆಂಬುದು ಡಿಪೋದಲ್ಲಿ ಉಳಿದವರೆಲ್ಲರಿಗೂ ತಿಳಿದಿತ್ತು. ನನಗೂ ತಿಳಿದಿತ್ತು. ಹೇಳಲಿಲ್ಲ. ಅದನ್ನು ನಾನು ದಯೆ ಎಂದು ಭಾವಿಸಿದ್ದೆ.

ಆ ವರ್ಷ ಸುತ್ತಿಗೆಯ ಅಚ್ಚು ಸವೆಯಿತು. ಹಳೆಯದನ್ನು ಮುಂಬಯಿಯ ಕಚೇರಿಗೆ ಒಪ್ಪಿಸಿ ಹೊಸದನ್ನು ತರಬೇಕು, ಸುತ್ತಿಗೆ ಹಿಡಿಯುವವನು ಖುದ್ದು ಹಾಜರಿರಬೇಕು ಎಂದು ಹುಕುಂ ಬಂತು. ಕಾಕಾನ ಎರಡೂ ಕಣ್ಣಿಗೆ ಪೊರೆ ಬಂದಿತ್ತು; ಆದ್ದರಿಂದ ಜೊತೆಗೆ ನನ್ನನ್ನು ಕಳಿಸಿದರು. ಹೊಸ ಸುತ್ತಿಗೆ ಬೇರೆಯವರ ಕೈಗೆ ಹೋಗುವುದೆಂದು ಅವರಿಗೆ ಗೊತ್ತಿತ್ತು. ಬಿಸಿಲು ಬಲವಾಗಿದ್ದಾಗ ಮಾತ್ರ ಅವರಿಗೆ ಕಾಣುತ್ತಿತ್ತು. ಹೊತ್ತು ಇಳಿದರೆ ಏನೂ ಇಲ್ಲ. ಅಳ್ನಾವರದಲ್ಲಿ ಗಾಡಿ ಹತ್ತುವಾಗ ಅವರು ನನ್ನ ತೋಳು ಹಿಡಿದು ಹೇಳಿದ್ದು ಇಷ್ಟೇ: "ರಾಯರ, ಒಂದ ಹಗಲು ಐತಿ. ನನ್ನ ಒಂದು ಶಿಕ್ಕಾ ಅಲ್ಲಿ ನಿಂತದ್ದು ನೋಡಿ ಬರ್ತೇನಿ. ಆಮ್ಯಾಲ ಕಣ್ಣು ಹೋದ್ರ ಹೋಗ್ಲಿ."

ಆಗಲಾದರೂ ಹೇಳಬಹುದಿತ್ತು. ಅಳ್ನಾವರದಿಂದ ಪುಣೆಯ ತನಕ, ಪುಣೆಯಿಂದ ಮುಂಬಯಿಯ ಬೋರಿಬಂದರ ಸ್ಟೇಶನ್ನಿನ ತನಕ ಹೇಳಲು ಸಮಯವಿತ್ತು. ನಾನು ಕಿಡಕಿಯ ಹೊರಗೆ ನೋಡುತ್ತ ಕುಳಿತೆ.

ಮುಂಬಯಿಯ ಕಚೇರಿಯ ಹಿರಿಯ ಕಾರಕೂನರು ಹಳೆಯ ಸುತ್ತಿಗೆಯನ್ನು ಪಡೆದು, ಹೊಸದು ಸಾಯಂಕಾಲ ಐದಕ್ಕೆ ಸಿಗುವುದೆಂದು ತಿಳಿಸಿ, ಹಗಲು ಕಳೆಯಲಿಕ್ಕೆಂದು ಲಕೋಟೆಯ ಬೆನ್ನ ಮೇಲೆ ನಾಲ್ಕು ಸ್ಥಳಗಳನ್ನು ಬರೆದುಕೊಟ್ಟರು: ವಸ್ತುಸಂಗ್ರಹಾಲಯ, ಪ್ರಾಣಿಗಳನ್ನು ಇಟ್ಟಿರುವ ರಾಣೀಬಾಗ, ಒಂದು ದೊಡ್ಡ ಸಾರ್ವಜನಿಕ ಕಟ್ಟಡ, ಸಮುದ್ರದಂಡೆ. ಆ ಪಟ್ಟಿಯ ಬಗ್ಗೆ ನನ್ನ ಆಕ್ಷೇಪಣೆಯನ್ನು ಇಲ್ಲಿಯೇ ದಾಖಲಿಸುತ್ತೇನೆ. ದೊಡ್ಡ ಊರಿಗೆ ಹೋದವನು ಏನು ನೋಡಬೇಕೆಂಬುದನ್ನು ನಿರ್ಧರಿಸಿದವರು ಯಾರು? ಪಟ್ಟಿಯಲ್ಲಿರುವುದೆಲ್ಲ ದೂರ ನಿಂತು, ಕೈ ಕಟ್ಟಿಕೊಂಡು, ಕತ್ತೆತ್ತಿ ನೋಡತಕ್ಕದ್ದು. ಆ ಊರನ್ನು ಹೊತ್ತು ನಿಲ್ಲಿಸಿದ ವಸ್ತು ಯಾವ ಅಡವಿಯಿಂದ ಬಂತು, ಯಾರ ಕೈಯಿಂದ ದಾಟಿತು ಎಂಬುದಕ್ಕೆ ಅದರಲ್ಲಿ ಒಂದು ಸಾಲೂ ಇಲ್ಲ.

ವಸ್ತುಸಂಗ್ರಹಾಲಯದಲ್ಲಿ ಗಾಜಿನೊಳಗೆ ಒಂದು ಹುಲಿ ಇತ್ತು. ಹುಲಿ ಓಡಾಡುವ ಸೀಮೆಯಿಂದ ಬಂದ ನಮಗೆ ಹುಲ್ಲು ತುಂಬಿದ ಹುಲಿಯನ್ನು ತೋರಿಸುವುದೆಂದರೆ ಏನು ಹೇಳಲಿ. ಕಾಕಾ ಗಾಜಿಗೆ ಮೂಗು ತಾಗಿಸಿ ಬಹಳ ಹೊತ್ತು ನೋಡಿ ತೀರ್ಪು ಕೊಟ್ಟರು: "ಹುಲಿ ಹಿಂಗ ಕೂಡೂದಿಲ್ರಿ. ಸಾಹೇಬ್ರ ಹಿಂಗ ಕೂಡತಾರ."

ರಾಣೀಬಾಗವನ್ನು ಕೈಬಿಟ್ಟು ನೇರವಾಗಿ ಆ ಕಟ್ಟಡಕ್ಕೆ ಹೋದೆವು. ಅದರ ಹೆಸರು ಇಲ್ಲಿ ಅಗತ್ಯವಿಲ್ಲ. ಒಳಗೆ ಸಾಗವಾನಿಯ ಮೆಟ್ಟಿಲುಸಾಲು. ಹತ್ತು ಮಂದಿ ಒಟ್ಟಿಗೆ ಹತ್ತಬಹುದಾದಷ್ಟು ಅಗಲ. ಎತ್ತರದ ಕಿಡಕಿಗಳಿಂದ ಬಿಸಿಲು ಇಳಿದಿತ್ತು. ಕಾಕಾ ಚಪ್ಪಲಿ ಕಳಚಿ, ಕಟಾಂಜನದ ಮೇಲೆ ಹೆಬ್ಬೆರಳು ಎಳೆದು ನಿಂತುಬಿಟ್ಟರು.

"ರಾಯರ, ಇದು ನಮ್ದು."

"ಅದ್ಹೆಂಗ ಹೇಳ್ತೀರಿ, ಕಾಕಾ?"

"ಕತ್ತಲದಾಗ ನಿಮ್ಮ ತಮ್ಮನ ಕೈ ಹಿಡದ್ರ ನಿಮಗ ತಿಳೀದಿಲ್ಲೇನು?"

ನಾನು ಅವರ ಚಪ್ಪಲಿ ಎತ್ತಿಕೊಳ್ಳುವಷ್ಟರಲ್ಲಿ ಅವರು ಮೆಟ್ಟಿಲ ಕೆಳಗಿನ ಸಂದಿಗೆ ನುಸುಳಿ, ಅಂಗಾತ ಮಲಗಿ, ಹಲಗೆಗಳ ಕೆಳಮೈಯನ್ನು ಒಂದೊಂದಾಗಿ ಕೈಯಿಂದ ತಡವುತ್ತಿದ್ದರು. ಪಹರೆಯವನು ಓಡಿ ಬಂದು ಅವರ ಕಾಲು ಹಿಡಿದು ಹೊರಗೆಳೆದನು. ಟೋಪಿ ಒಳಗೇ ಉಳಿಯಿತು. ಕೋಟು ಧರಿಸಿದ ಅಧಿಕಾರಿಯೊಬ್ಬರು ಬಂದರು. ನನ್ನೊಡನೆ ಮೊದಲು ಇಂಗ್ಲಿಷಿನಲ್ಲಿ ಮಾತಾಡಿದವರು, ನನ್ನ ತೊದಲು ಕೇಳಿ ನಮ್ಮದೇ ಮಾತಿಗೆ ಇಳಿದರು. ಧಾರವಾಡದ ಕಡೆಯವರು.

"ಎಲ್ಲಿಯವ್ರು?"

"ದಾಂಡೇಲಿ ಕಡೆಯವ್ರು, ಸಾಹೇಬ್ರ."

"ಅದಕ್ಕ. ಅಡವ್ಯಾಗ ಮರದ ಬುಡಕ್ಕ ಮಲಗೂ ರೂಢಿ. ಇಲ್ಲಿಗಿ ಬಂದವರು ಮ್ಯಾಲ ನೋಡತಾರ. ಈ ಮುದುಕಗ ಕೆಳಗೇನು ಕೆಲಸ?"

ಕಾಕಾ ಮೈಮೇಲಿನ ಧೂಳು ಝಾಡಿಸಿಕೊಳ್ಳುತ್ತ ಶಾಂತವಾಗಿ ಹೇಳಿದರು: "ಮ್ಯಾಲಿಂದೆಲ್ಲ ನಿಮ್ದರಿ. ಕೆಳಗ ನನ್ದೊಂದು ಗುರ್ತು ಐತಿ. ಅದನ್ನ ನೋಡಾಕತ್ತಿದ್ದೆ."

"ಗುರ್ತಂತ. ಕಳವಿಗಿ ಬಂದವರೂ ಮೊದಲ ಹಿಂಗ ಗುರ್ತು ನೋಡಿ ಹೋಗತಾರ. ಬರದು ಕೊಡ್ರಿ, ಇಲ್ಲಾಂದ್ರ ಪೊಲೀಸರನ್ನ ಕರಸತೇನಿ."

ಇಲ್ಲಿ ನಾನು ಹೇಳಬೇಕಾಗಿದ್ದ ವಾಕ್ಯ ಒಂದೇ: ಇವರು ಮುದ್ರೆ ಒತ್ತದೆ ಈ ಮೆಟ್ಟಿಲಿನ ಮರ ನಮ್ಮ ಅಡವಿ ದಾಟುತ್ತಿರಲಿಲ್ಲ. ಹೇಳಲಿಲ್ಲ. ನೌಕರಿ ಹೊಸದು, ಪೊಲೀಸರ ಭಯ ಬೇರೆ. ಕಾಗದ ಕೇಳಿ ಪಡೆದು ಬರೆದೆ. ಬರೆದದ್ದು ಹೀಗಿದೆ: "ಸದರಿ ದಸ್ತಗೀರಸಾಬ ಎಂಬ ಇಸಮನು ನಿರಕ್ಷರಿಯೂ, ಅಡವಿಯ ರೀತಿಯಲ್ಲಿ ಬೆಳೆದವನೂ ಆಗಿದ್ದು, ಕೇವಲ ಅಜ್ಞಾನದ ಮೂಲಕ ಅನುಚಿತವಾಗಿ ವರ್ತಿಸಿದ್ದಾನೆ. ದಯವಿಟ್ಟು ಕ್ಷಮಿಸಬೇಕು. ಮುಂದೆ ಹೀಗಾಗದಂತೆ ಕೆಳಗೆ ಸಹಿ ಮಾಡಿದವನು ಜವಾಬುದಾರನಿರುತ್ತಾನೆ." ನಮ್ಮ ಡಿಪೋದ ಶಿಸ್ತಿನ ಪ್ರಕಾರ ಅದರ ನಕಲನ್ನೂ ಮಾಡಿಕೊಂಡೆ. ಅಧಿಕಾರಿಗಳು ಓದಿ, "ಅಕ್ಷರ ಚಲೋ ಅದಾವ" ಎಂದರು. ವಾಚಕರೇ, ಆ ಕ್ಷಣ ನನಗೆ ಸಂತೋಷವಾಯಿತು. ಇದನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾದವು.

ಯಾವ ಹೆಬ್ಬೆರಳು ಮರವನ್ನು ಗುರುತಿಸಿತ್ತೋ ಅದಕ್ಕೇ ಮಸಿ ಹಚ್ಚಿ ಕಾಗದದ ಮೇಲೆ ಒತ್ತಿಸಿದೆವು.

ಹೊರಗೆ ಬಂದ ಮೇಲೆ ಕಾಕಾ ಕೇಳಿದರು: "ಏನು ಬರದ್ರಿ?"

"ಏನಿಲ್ಲ, ಕಾಕಾ. ಹೆಸರು, ಊರು."

"ಅಷ್ಟ ಬರಿಯಾಕ ಅಷ್ಟು ಹೊತ್ತು ಆತೇನು?"

ಸಮುದ್ರದಂಡೆಗೆಂದು ಬಂದರಿನ ಹಿಂದಿನ ಬೀದಿಯಲ್ಲಿ ನಡೆಯುತ್ತಿದ್ದಾಗ ಅವರು ತಟ್ಟನೆ ನಿಂತರು. ಗಾಳಿಯಲ್ಲಿ ಹಸಿ ಸಾಗವಾನಿಯ ಪುಡಿಯ ವಾಸನೆ. ನಾನು ಬೇಡವೆಂದರೂ ಕೇಳದೆ ಅದರ ಜಾಡು ಹಿಡಿದರು. ತೆರೆದ ಅಂಗಳದ ಕೊಯ್ಯುವ ಕಾರಖಾನೆ. ದಿಮ್ಮಿಯೊಂದನ್ನು ಗರಗಸದ ಮುಂದೆ ತಂದರು. ಗೇಣುದ್ದದ ತುದಿ ಕತ್ತರಿಸಿ ಬಿತ್ತು. ಅಂಥ ತುಂಡುಗಳ ಗುಡ್ಡೆಯೇ ಗೋಡೆಯ ಬದಿಗೆ ಇತ್ತು. ಅಲ್ಲಿಂದ ಒಂದೊಂದನ್ನೇ ಎತ್ತಿ, ಸೀಳಿ, ಚಹಾದಂಗಡಿಯವನು ಒಲೆಗೆ ಇಡುತ್ತಿದ್ದನು.

ಕಾಕಾ ಕುಕ್ಕರಗಾಲಿನಲ್ಲಿ ಕುಳಿತು ಒಂದು ತುಂಡಿನ ಮೇಲೆ ಹೆಬ್ಬೆರಳು ಆಡಿಸಿದರು. ಇನ್ನೊಂದನ್ನು ತೆಗೆದುಕೊಂಡರು. ಮತ್ತೊಂದನ್ನು. ಪ್ರತಿಯೊಂದರಲ್ಲೂ ಅವರ ಒಂದೇ ಪೆಟ್ಟಿನ ಗುರುತು, ಸ್ವಚ್ಛವಾಗಿ.

"ರಾಯರ, ಇದು ನಿಮಗ ಗೊತ್ತಿತ್ತೇನು?"

"ಗೊತ್ತಿತ್ತು, ಕಾಕಾ."

"ಯಾವಾಗಿಂದ?"

"ನೌಕರಿಗಿ ಸೇರಿದಾಗಿಂದ."

ತುಂಡನ್ನು ಗುಡ್ಡೆಯ ಮೇಲೆ ಮೆಲ್ಲಗೆ ಇಟ್ಟರು. "ಹಂಗಾರ, ಮೆಟ್ಲ ಕೆಳಗ ಏನೂ ಇಲ್ಲಂತ ಗೊತ್ತಿದ್ದೂ ನನ್ನ ಮಲಗಾಕ ಬಿಟ್ರಿ."

ಚಹಾದಂಗಡಿಯವನು ಏನು ಬೇಕೆಂದು ಹಿಂದುಸ್ತಾನಿಯಲ್ಲಿ ಕೇಳಿದನು. "ಕುಛ ನಹೀ ಭಾಯಿ, ಅಪನಾ ಹೀ ಲಕಡಾ ಹೈ" ಎಂದು, ಅದು ನಮ್ಮದೇ ಕಟ್ಟಿಗೆಯೆಂದು ತಿಳಿಸಿ, ಕಾಕಾ ಎರಡು ಚಹಾ ಹೇಳಿದರು. ಬಶಿಯಲ್ಲಿ ಸುರಿದು ನಿಧಾನವಾಗಿ ಕುಡಿದರು. "ಚಹಾ ಚಲೋ ಆಗೇತಿ, ರಾಯರ. ಇಪ್ಪತ್ತೈದು ವರ್ಷದ ಉರಿ." ನಗಬೇಕೋ ಬೇಡವೋ ತಿಳಿಯದೆ ನಾನು ನಾಲಿಗೆ ಸುಟ್ಟುಕೊಂಡೆ.

ಹೊಸ ಸುತ್ತಿಗೆ ಪಡೆದು ಬೋರಿಬಂದರಕ್ಕೆ ಬರುವಷ್ಟರಲ್ಲಿ ಬಿಸಿಲು ಹೋಗಿತ್ತು. ಅವರ ಕೈ ಹಿಡಿದು ಬೆಂಚಿನ ಮೇಲೆ ಕೂಡಿಸಿದೆ. ಆ ಬೆಂಚಿನ ಕೆಳಗೆ ಅವರು ನೋಡಲಿಲ್ಲ. "ಈಗ ಓದ್ರಿ" ಎಂದರು. ನಕಲನ್ನು ತೆಗೆದು, ಒಂದಕ್ಷರವನ್ನೂ ಬಿಡದೆ ಓದಿದೆ. ಅವರು ಕೊನೆಯವರೆಗೂ ಕೇಳಿದರು.

"ಅಜ್ಞಾನ ಅಂದ್ರ ನನಗ ಗೊತ್ತಿರಲಿಲ್ಲ ಅಂತ. ಅದು ಖರೆ ಐತಿ. ಆದ್ರ ಬರದವರಿಗಿ ಗೊತ್ತಿತ್ತಲ್ಲ."

ಹರಿದು ಹಾಕಲು ಹೋದೆ. ಸದ್ದು ಕೇಳಿ ಕೈ ಚಾಚಿ ತಡೆದರು. "ಹರೀಬ್ಯಾಡ್ರಿ. ನಿಮ್ಮ ಕಡೆ ಇರ್ಲಿ."

ಆ ನಂತರ ಕಾಕಾ ಕೆಲಸ ಬಿಟ್ಟರು. ಬಿಸಿಲಿದ್ದ ದಿನ ಡಿಪೋಗೆ ಬಂದು ದಿಮ್ಮಿಗಳ ಮೇಲೆ ಕುಳಿತು ಎಲ್ಲರನ್ನೂ ನಗಿಸಿ ಹೋಗುತ್ತಿದ್ದರು. ಆ ವಿಷಯ ಎತ್ತಲಿಲ್ಲ; ನಾನೂ ಎತ್ತಲಿಲ್ಲ. ಎಷ್ಟೋ ವರ್ಷ ಆ ಕೋಟಿನ ಅಧಿಕಾರಿಯನ್ನು ಮನಸ್ಸಿನಲ್ಲಿಯೇ ಬೈದು ಸಮಾಧಾನಪಟ್ಟುಕೊಂಡೆ. ಅವರು ಬೈಗುಳಕ್ಕೆ ಅರ್ಹರೇ ಹೌದು. ನಮ್ಮ ಮಾತನ್ನು ಆಡಿಯೂ ನಮ್ಮ ಮನುಷ್ಯನನ್ನು ಕಳ್ಳನಂತೆ ಕಂಡವರ ವಿಷಯದಲ್ಲಿ ನನಗೆ ಇವತ್ತಿಗೂ ಕನಿಕರವಿಲ್ಲ. ಆದರೆ ಆ ಕಾಗದದ ಮೇಲೆ ಅವರ ಅಕ್ಷರ ಒಂದೂ ಇಲ್ಲ. ಎಲ್ಲವೂ ನನ್ನವು, ದುಂಡಗೆ, ಸಾಲು ತಪ್ಪದೆ.

ಗುರುವಾರ ಮಧ್ಯಾಹ್ನ ಕೆಂಪು ಮಸಿಯಿಂದ ಆ ನಕಲಿನ ಮೇಲೆ ಓರೆಯಾಗಿ ಎರಡು ಗೆರೆ ಎಳೆದು, "ರದ್ದು" ಎಂದು ಬರೆದು, ಸಹಿ ಹಾಕಿದೆ. ಅದರ ಅಸಲು ಎಲ್ಲಿದೆಯೋ ತಿಳಿಯದು. ಇದ್ದಲ್ಲಿ ಅದಕ್ಕೂ ಈ ಬರಹವೇ ಅನ್ವಯಿಸತಕ್ಕದ್ದು. ಈ ಪ್ರಬಂಧದ ಆರಂಭದಲ್ಲಿ "ಮನ್ನಿಸಬೇಕು" ಎಂದು ಬರೆದದ್ದನ್ನು ಮಾತ್ರ ಹೊಡೆದುಹಾಕಿಲ್ಲ. ಅದು ವಾಚಕರಿಗಲ್ಲ, ಕಾಕಾನಿಗೆ ಇರಲಿ.

ಸಂಜೆ ಶಕುಂತಲಾಬಾಯಿಯವರು ಪಟ್ಟಿಗೆ ಬಂದರು. ಹೊಸದಾಗಿ ಬರೆದು ಕೊಟ್ಟೆ. ಅವರು ಬಾಗಿಲಲ್ಲಿಯೇ ನಿಂತು ಎರಡು ಸಲ ಓದಿದರು.

"ಅಜ್ಜಾರ, ಇದರಾಗ ಒಂದ ಐತಲ್ರಿ?"

"ಹಗಲೂ ಒಂದ ಇರ್ತೈತಿ, ಬಾಯಾರ. ಅಷ್ಟು ಸಾಕು."

ಕಾಗದದಲ್ಲಿ ಬರೆದದ್ದು ಇಷ್ಟು: ಯಾವ ದೊಡ್ಡ ಕಟ್ಟಡಕ್ಕೆ ಹೋದರೂ ಬಿಸಿಲಿರುವಾಗಲೇ ಒಮ್ಮೆ ಬಗ್ಗಿ, ಮೆಟ್ಟಿಲ ಕೆಳಗಿನ ಮೈಯನ್ನು ಕೈಮುಟ್ಟಿ ನೋಡಬೇಕು. ಅಲ್ಲಿ ಗುರುತೇನೂ ಸಿಗುವುದಿಲ್ಲವೆಂಬುದನ್ನು ಮುಂಚಿತವಾಗಿಯೇ ತಿಳಿಸಲಾಗಿದೆ. ಯಾರಾದರೂ ಬಂದು ಬರೆದುಕೊಡಿರೆಂದು ಕೇಳಿದರೆ, ಏನನ್ನೂ ಬರೆದುಕೊಡಕೂಡದು.