ಫ್ಲಾಪಿಯಿಂದ ಎಬ್ಬಿಸಿದ ಕಂಪ್ಯೂಟರು

ಎಂಬತ್ತರ ದಶಕದ ಕೊನೆಯಲ್ಲಿ ನಾನು ರಾಜಾಜಿನಗರದ ಒಂದು ವಾಲ್ವ್ ಫ್ಯಾಕ್ಟರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಆಫೀಸಿಗೆ ಬಂದ ಮೊದಲನೇ ಕಂಪ್ಯೂಟರನ್ನ ಗಾಜಿನ ರೂಮಿನಲ್ಲಿಟ್ಟಿದ್ದರು. ಚಪ್ಪಲಿ ಬಿಟ್ಟೇ ಒಳಗೆ ಹೋಗಬೇಕು. ಅದನ್ನ ನೋಡಿಕೊಳ್ಳಲು ಒಬ್ಬ ಇನ್‌ಚಾರ್ಜ್ ಇದ್ದ. ಸ್ವಿಚ್ ಹಾಕಿದ ಕೂಡಲೇ ಅದು ಪಾಸ್‌ವರ್ಡ್ ಕೇಳುತ್ತಿತ್ತು, ಅದು ಗೊತ್ತಿದ್ದದ್ದು ಆತನೊಬ್ಬನಿಗೇ. ಒಂಬತ್ತಕ್ಕೆ ಬಂದ ನಾವು ಆತ ಕಾಫಿ ಮುಗಿಸಿ ಬರೋವರೆಗೂ ಕಾಯಬೇಕಿತ್ತು.

ಮೆಷಿನ್ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನ ಯಾರೂ ಮುಟ್ಟಿರಲಿಲ್ಲ. ಊಟದ ಹೊತ್ತಲ್ಲಿ ನಾನೇ ಓದುತ್ತಿದ್ದೆ. ಕಂಪ್ಯೂಟರ್ ಶುರುವಾಗುವಾಗ ಮೊದಲು ಹಾರ್ಡ್ ಡಿಸ್ಕ್ ನೋಡಬೇಕೋ, ಫ್ಲಾಪಿ ನೋಡಬೇಕೋ ಅಂತ ಹೇಳಲು ಸೆಟಪ್ ಅಂತ ಒಂದು ಪರದೆ ಇದೆ ಅಂತ ಅದರಲ್ಲಿತ್ತು. ಪಾಸ್‌ವರ್ಡ್ ಕೇಳುತ್ತಿದ್ದದ್ದು ಹಾರ್ಡ್ ಡಿಸ್ಕಿನಲ್ಲಿದ್ದ ಪ್ರೋಗ್ರಾಂ. ಫ್ಲಾಪಿಯಿಂದ ಎಬ್ಬಿಸಿದರೆ ಆ ಪ್ರಶ್ನೆಯೇ ಬರುವುದಿಲ್ಲ. ಇದನ್ನ ಪಕ್ಕದ ಸೀಟಿನ ಗೆಳತಿಗೆ ಹೇಳಿ ಇಬ್ಬರೂ ನಕ್ಕಿದ್ದೆವು.

ಒಂದು ಸೋಮವಾರ ಇನ್‌ಚಾರ್ಜ್ ಬರಲಿಲ್ಲ. ಮೈಸೂರಿನಲ್ಲಿ ಯಾರದೋ ಮದುವೆಯಂತೆ. ಹುಬ್ಬಳ್ಳಿಗೆ ಹೋಗಬೇಕಾದ ಲಾರಿ ಲೋಡಾಗಿ ಗೇಟಲ್ಲಿ ನಿಂತಿತ್ತು. ಸರಕಿನ ಜೊತೆ ಕಳಿಸಬೇಕಾದ ಚಲನ್ ಎಲ್ಲಾ ಕಂಪ್ಯೂಟರೊಳಗೆ. ಮ್ಯಾನೇಜರ್ ಬಂದು, "ಏನ್ ಮಾಡ್ತೀರೋ ಗೊತ್ತಿಲ್ಲ, ಲಾರಿ ಹೋಗ್ಬೇಕು" ಅಂತ ಕೂಗಾಡಿ ಹೋದರು.

"ನಿಂಗೆ ಗೊತ್ತಲ್ಲ, ಮಾಡೇ. ನಾನಿದೀನಿ ಕಣೇ" ಅಂದಳು ಗೆಳತಿ.

ಸ್ವಿಚ್ ಹಾಕಿ ಸೆಟಪ್ ಕೀಲಿ ಒತ್ತಿದೆ. ಮೊದಲು ಹಾರ್ಡ್ ಡಿಸ್ಕ್ ಅಂತಿದ್ದದ್ದನ್ನ ಮೊದಲು ಫ್ಲಾಪಿ ಅಂತ ಮಾಡಿ, ಬೀರುವಿನಲ್ಲಿದ್ದ ಸಿಸ್ಟಂ ಫ್ಲಾಪಿ ತೂರಿಸಿದೆ. ಗರಗರ ಸದ್ದಾಯಿತು. ಪಾಸ್‌ವರ್ಡ್ ಕೇಳದೆ ಕಂಪ್ಯೂಟರ್ ತೆರೆದುಕೊಂಡಿತು. ಚಲನ್ ಪ್ರಿಂಟ್ ಆಯಿತು, ಹನ್ನೊಂದಕ್ಕೆ ಲಾರಿ ಹೊರಟಿತು. ಸೆಟಪ್ಪನ್ನ ಮೊದಲಿನಂತೆಯೇ ಮಾಡಿಟ್ಟೆ. ಅವತ್ತು ನನಗೆ ಎಷ್ಟು ಖುಷಿಯಾಗಿತ್ತೆಂದರೆ, ವಿಜಯನಗರದಲ್ಲಿ ಬಸ್ ಇಳಿದು ಆರ್‌ಪಿಸಿ ಲೇಔಟಿನ ಮನೆವರೆಗೂ ಒಬ್ಬಳೇ ನಗುತ್ತಾ ನಡೆದಿದ್ದೆ.

ಇನ್‌ಚಾರ್ಜ್ ಗುರುವಾರ ಬಂದ. ಸೋಮವಾರದ ತಾರೀಕಿದ್ದ ಚಲನ್ ಕಾಪಿ ನೋಡಿ ನೇರ ಮ್ಯಾನೇಜರ್ ರೂಮಿಗೆ ಹೋದ. ನಮ್ಮಿಬ್ಬರನ್ನೂ ಕರೆಸಿದರು.

"ಬೀಗ ಒಡೆಯೋದು ಕಲ್ತಿದೀರಾ?" ಅಂದರು ಮ್ಯಾನೇಜರ್.

"ಲಾರಿ ಹೋಗ್ಬೇಕು ಅಂದ್ರಲ್ಲ ಸಾರ್" ಅಂದೆ ನಾನು.

"ಕಳ್ಳತನ ಮಾಡಿ ಅಂದಿದ್ನಾ? ಇವತ್ತು ಚಲನ್, ನಾಳೆ ಇನ್ನೇನೋ."

ನಾನು ಗೆಳತಿಯ ಕಡೆ ನೋಡಿದೆ. "ಬೇಡ ಅಂತ ಹೇಳ್ದೆ ಸಾರ್, ಇವಳು ಕೇಳ್ಲಿಲ್ಲ" ಅಂದಳು. ದನಿ ಕೂಡ ನಡುಗಲಿಲ್ಲ.

ಮುಂದಿನ ವಾರ ನನ್ನನ್ನ ನಾಯಂಡಹಳ್ಳಿ ಗೋಡೌನಿಗೆ ಹಾಕಿದರು. ಎಣ್ಣೆ ವಾಸನೆ, ತಗಡಿನ ಸೂರು, 'ರ' ಅಕ್ಷರ ಅರ್ಧ ಸವೆದ ಟೈಪ್‌ರೈಟರು. ಇನ್‌ಚಾರ್ಜ್‌ಗೆ ಸಹಾಯಕಿಯಾಗಿ ಗಾಜಿನ ರೂಮಿಗೆ ಗೆಳತಿ ಹೋದಳು ಅಂತ ಆಮೇಲೆ ಗೊತ್ತಾಯಿತು.

ಆರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅವಳು ಗೋಡೌನಿಗೆ ಬಂದಳು. ಇನ್‌ಚಾರ್ಜ್ ಹೇಳದೆ ಕೇಳದೆ ಕೆಲಸ ಬಿಟ್ಟಿದ್ದ, ಪಾಸ್‌ವರ್ಡ್ ಯಾರಿಗೂ ಕೊಟ್ಟಿರಲಿಲ್ಲ.

"ಅವತ್ತು ಯಾವ ಕೀಲಿ ಒತ್ತಿದ್ದೆ? ಆ ಪುಸ್ತಕನೂ ಸಿಗ್ತಿಲ್ಲ. ಮ್ಯಾನೇಜರೇ ಕಳಿಸಿದ್ರು ಕಣೇ."

"ಮರ್ತೋಗಿದೆ" ಅಂದೆ.

ಅದು ಸುಳ್ಳು ಅಂತ ಅವಳಿಗೆ ಗೊತ್ತಿತ್ತು. ಕೊಡೆ ಬಿಚ್ಚಿಕೊಂಡು ಮೈಸೂರು ರಸ್ತೆ ದಾಟಿ ಹೋದಳು. ಸಮಾಧಾನ ಆಗುತ್ತೆ ಅಂದುಕೊಂಡಿದ್ದೆ. ಆಗಲಿಲ್ಲ. ಹಾಳೆ ಸಿಕ್ಕಿಸಿಕೊಂಡು ಮತ್ತೆ ಕುಟ್ಟತೊಡಗಿದೆ.